ನೀವುವ ಮೊದಲು ಒಂದು ಎಕ್ಸ್-ರೇ

ಹದಿಮೂರು, ಹದಿನಾಲ್ಕರ ಹುಡುಗ ಮಂಡಿ ನೋವು ಅಂದರೆ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಕಬಡ್ಡಿ ಆಡುವಾಗ ಬಿದ್ದಿರಬೇಕು ಎಂದು ಅಮ್ಮ ಅಂದುಕೊಳ್ಳುತ್ತಾಳೆ. ‘ಬೆಳೆಯೋ ವಯಸ್ಸು, ಹಂಗೇ ಎಳೀತದೆ’ ಎನ್ನುತ್ತ ಅಜ್ಜಿ ಎಣ್ಣೆ ಬಿಸಿ ಮಾಡುತ್ತಾಳೆ. ವಾರವಾದರೂ ನೋವು ಹೋಗದಿದ್ದರೆ ಪಕ್ಕದೂರಿನಲ್ಲಿ ಉಳುಕು ತೆಗೆಯುವವರಿದ್ದಾರೆ. ಅವರು ಚೆನ್ನಾಗಿ ನೀವಿ, ಸೊಪ್ಪು ಅರೆದು ಪಟ್ಟು ಹಾಕಿ ಕಟ್ಟುತ್ತಾರೆ. ಬಹುಪಾಲು ಮಕ್ಕಳ ನೋವು ಇಷ್ಟರಲ್ಲೇ ವಾಸಿಯಾಗುತ್ತದೆ. ಹಾಗೆ ವಾಸಿಯಾಗುವ ಮಕ್ಕಳೇ ಹೆಚ್ಚಾದ್ದರಿಂದ, ವಾಸಿಯಾಗದ ಒಂದು ಮಗುವಿನ ನೋವು ಯಾರ ಗಮನಕ್ಕೂ ಬೀಳದೆ ಎರಡು ಮೂರು ತಿಂಗಳು ಕಳೆದುಹೋಗುತ್ತದೆ. ಆ ಒಂದು ಮಗುವಿಗಾಗಿ ಈ ಲೇಖನ.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪದ್ದು. ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನು ಲೆಕ್ಕಕ್ಕೆ ಹಿಡಿದರೆ ಇದರ ಪಾಲು ಶೇ 1ಕ್ಕಿಂತ ಕಡಿಮೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ಮೂಳೆ ಕ್ಯಾನ್ಸರ್‌ನ ಹೆಸರು ಆಸ್ಟಿಯೋಸಾರ್ಕೋಮಾ. ಹೊಸ ಮೂಳೆ ಕಟ್ಟುವ ಜೀವಕೋಶಗಳು ಹದ್ದು ಮೀರಿ ಬೆಳೆದು, ಒರಟೊರಟಾದ ಅರೆಬೆಂದ ಮೂಳೆಯನ್ನು ಸುರಿಯತೊಡಗುವುದೇ ಈ ರೋಗ. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸಿನಲ್ಲಿ, ಮೂಳೆ ಅತಿ ವೇಗವಾಗಿ ಬೆಳೆಯುವ ಜಾಗದಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ತೊಡೆಮೂಳೆಯ ಕೆಳತುದಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ, ಭುಜದ ಹತ್ತಿರ ತೋಳಿನ ಮೂಳೆ, ಈ ಮೂರು ಮುಖ್ಯ ನೆಲೆಗಳು. ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಮೊದಲು ಎತ್ತರವಾಗುತ್ತಾರಷ್ಟೆ, ಅವರಲ್ಲಿ ರೋಗವೂ ತುಸು ಎಳೆಯ ವಯಸ್ಸಿನಲ್ಲೇ ತಲೆಹಾಕುತ್ತದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ಭಾರಿ ಗಾತ್ರದ ನಾಯಿಗಳಲ್ಲಿ ಇದು ಬಹಳ ಸಾಮಾನ್ಯ, ಪುಟ್ಟ ತಳಿಯ ನಾಯಿಗಳಲ್ಲಿ ತೀರಾ ಕಡಿಮೆ. ಬೆಳವಣಿಗೆಗೂ ಈ ಕ್ಯಾನ್ಸರ್‌ಗೂ ನಂಟಿದೆ ಎನ್ನುವುದಕ್ಕೆ ಇದೊಂದು ಸಾಕ್ಷಿ.

ಇದು ಈ ಕಾಲದ ರೋಗವೂ ಅಲ್ಲ. ಕೆನಡಾದ ಆಲ್ಬರ್ಟಾದಲ್ಲಿ ಸಿಕ್ಕ, ಏಳೂವರೆ ಕೋಟಿ ವರ್ಷಕ್ಕೂ ಹಳೆಯ ಸೆಂಟ್ರೋಸಾರಸ್ ಎಂಬ ಡೈನೋಸಾರ್‌ನ ಕಾಲಿನ ಮೂಳೆಯೊಂದನ್ನು ಮೊದಲು ಮುರಿದು ಕೂಡಿಕೊಂಡದ್ದೆಂದು ತಿಳಿಯಲಾಗಿತ್ತು. ವೈದ್ಯರೂ ಪಳೆಯುಳಿಕೆ ತಜ್ಞರೂ ಸೇರಿ ಸ್ಕ್ಯಾನ್ ಮಾಡಿ, ತೆಳು ಹೋಳು ಮಾಡಿ ನೋಡಿದಾಗ ಅದು ಆಸ್ಟಿಯೋಸಾರ್ಕೋಮಾ ಎಂದು ಗೊತ್ತಾಯಿತು. ಈ ವರದಿ 2020ರಲ್ಲಿ ಬಂತು. ಮಗುವಿಗೆ ಕೊಟ್ಟ ಊಟದಿಂದ ಬಂತೋ, ಮೊಬೈಲಿನಿಂದ ಬಂತೋ, ಯಾರ ದೃಷ್ಟಿ ತಾಗಿತೋ ಎಂದು ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರಿಗೆ ಈ ಸಂಗತಿಯನ್ನು ಹೇಳಬೇಕು ಅನ್ನಿಸುತ್ತದೆ. ಗೊತ್ತಿರುವ ಕಾರಣಗಳು ಕೆಲವೇ. ಆರ್‌ಬಿ1, ಟಿಪಿ53 ಎಂಬ ವಂಶವಾಹಿಗಳಲ್ಲಿ ಹುಟ್ಟಿನಿಂದಲೇ ಬರುವ ದೋಷ ಒಂದು. ಹಿಂದೆ ಬೇರೆ ಕ್ಯಾನ್ಸರ್‌ಗೆ ಕೊಟ್ಟ ವಿಕಿರಣ ಇನ್ನೊಂದು. ನೂರು ವರ್ಷದ ಕೆಳಗೆ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ಕತ್ತಲಲ್ಲಿ ಹೊಳೆಯುವ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಹೊಟ್ಟೆ ಸೇರಿದ ರೇಡಿಯಂ ಕ್ಯಾಲ್ಸಿಯಂನ ಹಾಗೆ ಮೂಳೆಯಲ್ಲಿ ಕೂತಿತು. ಅವರಲ್ಲಿ ಹಲವರು ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಂಥವನ್ನು ಬಿಟ್ಟರೆ ಬಹುತೇಕ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇದರಲ್ಲಿ ತಂದೆತಾಯಿಯ ತಪ್ಪು ಏನೂ ಇಲ್ಲ.

ಬಿದ್ದದ್ದರಿಂದ ಬಂತು ಎನ್ನುವ ನಂಬಿಕೆಯನ್ನು ಇಲ್ಲೇ ಕಳಚಿಬಿಡಬೇಕು. ಪೆಟ್ಟು ಬಿದ್ದು ಕ್ಯಾನ್ಸರ್ ಬರುವುದಿಲ್ಲ. ಒಳಗೆ ಮೊದಲೇ ಬೆಳೆಯುತ್ತಿದ್ದ ಗೆಡ್ಡೆಯ ಕಡೆಗೆ ಪೆಟ್ಟು ನಮ್ಮ ಗಮನ ಸೆಳೆಯುತ್ತದೆ, ಅಷ್ಟೆ. ಕೆನಡಾದ ಟೆರ್ರಿ ಫಾಕ್ಸ್ ಎಂಬ ಹುಡುಗನಿಗೆ 1976ರ ನವೆಂಬರಿನಲ್ಲಿ ಕಾರು ಅಪಘಾತವಾಗಿ ಬಲಮಂಡಿಗೆ ಪೆಟ್ಟಾಯಿತು. ನೋವಿದ್ದರೂ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಮುಗಿಯಲಿ ಎಂದು ಸುಮ್ಮನಿದ್ದ. ಮುಂದಿನ ಮಾರ್ಚಿನಲ್ಲಿ ತಾಳಲಾರದೆ ಆಸ್ಪತ್ರೆಗೆ ಹೋದರೆ ಅದು ಆಸ್ಟಿಯೋಸಾರ್ಕೋಮಾ. ಆಗ ಅವನಿಗೆ ಹದಿನೆಂಟು. ಆ ಅಪಘಾತವೇ ತನ್ನ ಮಂಡಿಯನ್ನು ದುರ್ಬಲಗೊಳಿಸಿತು ಎಂದು ಅವನು ನಂಬಿದ್ದ, ವೈದ್ಯರು ಒಪ್ಪಲಿಲ್ಲ. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

ಹಾಗಾದರೆ ಯಾವ ನೋವಿಗೆ ಹೆದರಬೇಕು? ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ ಇರುತ್ತದೆ, ಸಂಜೆಯೋ ರಾತ್ರಿಯೋ ಬಂದು ಬೆಳಿಗ್ಗೆ ಹೊತ್ತಿಗೆ ಮಾಯವಾಗುತ್ತದೆ, ಊತ ಇರುವುದಿಲ್ಲ. ಇದು ಹಾಗಲ್ಲ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ದಿನದಿಂದ ದಿನಕ್ಕೆ ಹೆಚ್ಚಾಗುವ ನೋವು. ಸುಮ್ಮನೆ ಮಲಗಿದ್ದರೂ ಇರುತ್ತದೆ, ನಡುರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಕೆಲವು ವಾರ ಕಳೆದ ಮೇಲೆ ಅಲ್ಲಿ ಗಟ್ಟಿ ಊತ ಕಾಣುತ್ತದೆ, ಮಗು ಕುಂಟತೊಡಗುತ್ತದೆ. ಕೆಲವರಲ್ಲಿ ಸಣ್ಣಗೆ ಎಡವಿದ್ದಕ್ಕೇ ಮೂಳೆ ಮುರಿಯುತ್ತದೆ. ಎರಡು ಮೂರು ವಾರ ದಾಟಿದ ಇಂಥ ನೋವಿಗೆ ಎಕ್ಸ್-ರೇ ತೆಗೆಸಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಕೆಲಸ ಇದು. ಎಕ್ಸ್-ರೇ ಸರಿಯಾಗಿದೆ ಎಂದ ಮೇಲೂ ನೋವು ಬಿಡದಿದ್ದರೆ ಮತ್ತೆ ತೋರಿಸಿ, ಎಂಆರ್‌ಐ ಕೇಳಿ. ಗೆಡ್ಡೆಯಿರುವ ಜಾಗವನ್ನು ನೀವುವುದು, ಬಿಗಿದು ಕಟ್ಟುವುದು, ಕಾಯಿಸಿ ಬರೆ ಹಾಕುವುದು ಇವುಗಳಿಂದ ಚರ್ಮ ಕೆಡುತ್ತದೆ, ರಕ್ತಸ್ರಾವವಾಗುತ್ತದೆ, ಕಾಲು ಉಳಿಸುವ ಅವಕಾಶ ಕೈತಪ್ಪಬಹುದು. ಎಲ್ಲಕ್ಕಿಂತ ದೊಡ್ಡ ನಷ್ಟ, ಕಳೆದುಹೋಗುವ ತಿಂಗಳುಗಳು.

ಎಕ್ಸ್-ರೇ ಅನುಮಾನ ಹುಟ್ಟಿಸಿದರೆ ಮುಂದಿನ ಹೆಜ್ಜೆ ಬಯಾಪ್ಸಿ, ಅಂದರೆ ಗೆಡ್ಡೆಯ ಒಂದು ಚೂರನ್ನು ತೆಗೆದು ಪರೀಕ್ಷಿಸುವುದು. ಇಲ್ಲಿ ನಮ್ಮ ಜನರಲ್ಲಿ ಒಂದು ಭಯ ಬೇರೂರಿದೆ: ಗೆಡ್ಡೆಗೆ ಸೂಜಿ ತಾಗಿಸಿದರೆ ಕೆರಳಿ ಮೈಯೆಲ್ಲ ಹರಡುತ್ತದೆ ಎಂದು. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಹೀಗಾಗುತ್ತದೆ ಎಂದು ಹೆದರಬೇಕಿಲ್ಲ, ಅದಿಲ್ಲದೆ ಚಿಕಿತ್ಸೆ ಶುರುವಾಗುವುದೂ ಇಲ್ಲ. ಮೂಳೆಯ ಕ್ಷಯ, ಮೂಳೆಯ ಕೀವು, ಅಪಾಯವಿಲ್ಲದ ಗೆಡ್ಡೆ, ಕ್ಯಾನ್ಸರ್ ಇವೆಲ್ಲ ಎಕ್ಸ್-ರೇಯಲ್ಲಿ ಒಂದನ್ನೊಂದು ಹೋಲುವುದುಂಟು. ಆದರೆ ಬಯಾಪ್ಸಿಯನ್ನು ಎಲ್ಲಿ, ಯಾರು ಮಾಡುತ್ತಾರೆ ಎನ್ನುವುದು ಬಹಳ ಮುಖ್ಯ. ಸೂಜಿ ಹೋದ ದಾರಿಯನ್ನು ಕೊನೆಯ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆಯ ಜೊತೆಗೇ ತೆಗೆದುಹಾಕಬೇಕಾಗುತ್ತದೆ. ಅದು ಗೊತ್ತಿಲ್ಲದವರು ಅಡ್ಡಾದಿಡ್ಡಿ ಕುಯ್ದರೆ, ಉಳಿಸಬಹುದಾಗಿದ್ದ ಕಾಲನ್ನು ಕತ್ತರಿಸಬೇಕಾದೀತು. ಅಮೆರಿಕದ ಹೆನ್ರಿ ಮ್ಯಾಂಕಿನ್ 1982ರಲ್ಲೂ ಮತ್ತೆ 1996ರಲ್ಲೂ ಇದನ್ನು ಲೆಕ್ಕ ಹಾಕಿ ತೋರಿಸಿದರು. ವಿಶೇಷ ಕೇಂದ್ರಗಳ ಹೊರಗೆ ಮಾಡಿದ ಬಯಾಪ್ಸಿಗಳಲ್ಲಿ ತಪ್ಪುಗಳು ಬಹಳ ಹೆಚ್ಚಾಗಿದ್ದವು. ಆದ್ದರಿಂದ ಕೊನೆಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೇ ಬಯಾಪ್ಸಿ ಆಗಲಿ. ಮುರಿದ ಮೂಳೆ ಎಂದು ತಿಳಿದು ಅವಸರದಲ್ಲಿ ರಾಡು ಹಾಕುವುದಂತೂ ಗೆಡ್ಡೆಯ ಕಣಗಳನ್ನು ಮೂಳೆಯ ಉದ್ದಕ್ಕೂ ತಳ್ಳಿದಂತಾಗುತ್ತದೆ. ಸಣ್ಣ ಪೆಟ್ಟಿಗೆ ದೊಡ್ಡ ಮೂಳೆ ಮುರಿದಿದ್ದರೆ, ರಾಡು ಹಾಕುವ ಮೊದಲು ‘ಯಾಕೆ ಮುರಿಯಿತು’ ಎಂದು ವೈದ್ಯರನ್ನು ಕೇಳುವ ಹಕ್ಕು ತಂದೆತಾಯಿಗೆ ಇದೆ.

ರೋಗ ಖಚಿತವಾದ ಮೇಲೆ ಇಡೀ ಮೂಳೆಯ ಎಂಆರ್‌ಐ, ಎದೆಯ ಸಿ.ಟಿ. ಸ್ಕ್ಯಾನ್, ಉಳಿದ ಮೂಳೆಗಳನ್ನು ನೋಡಲು ಬೋನ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಆಗುತ್ತವೆ. ಕಾಲಿನ ರೋಗಕ್ಕೆ ಎದೆಯ ಸ್ಕ್ಯಾನ್ ಏಕೆ ಎಂದು ಕೇಳುವವರಿದ್ದಾರೆ. ಈ ರೋಗ ಮೊದಲು ಹರಡುವುದೇ ಶ್ವಾಸಕೋಶಕ್ಕೆ. ಚಿಕಿತ್ಸೆಯ ಇತಿಹಾಸವೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗಿದೆ.

1970ಕ್ಕೆ ಮುಂಚೆ ಇದ್ದ ಚಿಕಿತ್ಸೆ ಒಂದೇ, ಕಾಲು ಕತ್ತರಿಸುವುದು. ಕತ್ತರಿಸಿದ ಮೇಲೂ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಕಾಲಿನ ಗಾಯ ಮಾಗುವಷ್ಟರಲ್ಲಿ ಶ್ವಾಸಕೋಶದಲ್ಲಿ ರೋಗ ತೋರುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕಾಲು ಕತ್ತರಿಸುವ ಮೊದಲೇ ರಕ್ತ ಸೇರಿ ಅಲ್ಲಿ ಹೋಗಿ ಕೂತಿರುತ್ತಿದ್ದವು. ಅವುಗಳನ್ನು ಚಾಕು ಮುಟ್ಟಲಾರದು, ಔಷಧಿಯೇ ಮುಟ್ಟಬೇಕು.

ಆ ಔಷಧಿಯ ಕಥೆಯಲ್ಲಿ ನಮ್ಮ ನೆರೆನಾಡಿನವರೊಬ್ಬರಿದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದಲ್ಲಿ ಅಮೆರಿಕಕ್ಕೆ ಹೋದವರು ಯಲ್ಲಾಪ್ರಗಡ ಸುಬ್ಬರಾವ್. ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದರ ಕೆಲಸಕ್ಕೆ ಅಡ್ಡಗಾಲು ಹಾಕುವ ಔಷಧಿಗಳನ್ನೂ ಸಿದ್ಧಪಡಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದರಲ್ಲೊಂದನ್ನು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಆ ಔಷಧಿಯ ಒಡಹುಟ್ಟಾದ ಮೆಥೋಟ್ರೆಕ್ಸೇಟ್ ಇವತ್ತಿಗೂ ಆಸ್ಟಿಯೋಸಾರ್ಕೋಮಾದ ಮೂರು ಮುಖ್ಯ ಔಷಧಿಗಳಲ್ಲಿ ಒಂದು. ಉಳಿದೆರಡು ಡಾಕ್ಸೋರುಬಿಸಿನ್ ಮತ್ತು ಸಿಸ್ಪ್ಲಾಟಿನ್. 1970ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ನಾರ್ಮನ್ ಜಾಫೆ ಮೆಥೋಟ್ರೆಕ್ಸೇಟನ್ನು ಜೀವಕ್ಕೇ ಎರವಾಗುವಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮಾರನೆ ದಿನ ಲ್ಯೂಕೊವೊರಿನ್ ಎಂಬ ಮಾರುಮದ್ದಿನಿಂದ ಮೈಯ ಆರೋಗ್ಯವಂತ ಜೀವಕೋಶಗಳನ್ನು ಉಳಿಸುವ ದಾರಿಯನ್ನು ಈ ರೋಗಕ್ಕೆ ತಂದರು. ಶ್ವಾಸಕೋಶದ ಗೆಡ್ಡೆಗಳು ಕರಗಿದವು.

ಎಲ್ಲರೂ ನಂಬಲಿಲ್ಲ. ಔಷಧಿಯಿಂದಲ್ಲ, ರೋಗವೇ ಸೌಮ್ಯವಾಗುತ್ತಿದೆ ಎಂದು ವಾದಿಸಿದವರಿದ್ದರು. ಕೊನೆಗೆ 1986ರಲ್ಲಿ ಒಂದು ಅಧ್ಯಯನದ ಫಲಿತಾಂಶ ಬಂತು. ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಎರಡು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಉಳಿದವರು ಶೇ 17. ಜೊತೆಗೆ ಕೀಮೊಥೆರಪಿಯನ್ನೂ ಪಡೆದವರಲ್ಲಿ ಶೇ 66. ಅಲ್ಲಿಗೆ ವಾದ ಮುಗಿಯಿತು.

ಟೆರ್ರಿ ಫಾಕ್ಸ್ ಈ ತಿರುವಿನಲ್ಲಿ ನಿಂತಿದ್ದವನು. ಮಂಡಿಯ ಮೇಲೆ ಕಾಲು ಕತ್ತರಿಸಿದರು. ಎರಡು ವರ್ಷ ಹಿಂದೆ ಈ ರೋಗ ಬಂದಿದ್ದರೆ ಬದುಕುವ ಅವಕಾಶ ಶೇ 15 ಇರುತ್ತಿತ್ತು, ಈಗ ಶೇ 50 ಇದೆ ಎಂದು ಅವನಿಗೆ ಹೇಳಲಾಯಿತು. ಸಂಶೋಧನೆ ಎಂಬುದರ ಬೆಲೆ ಅವನಿಗೆ ತಿಳಿದದ್ದು ಆಗ. ಹದಿನಾರು ತಿಂಗಳು ಕೀಮೊ ಪಡೆದ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ಕರಾವಳಿಯಿಂದ ಕೃತಕ ಕಾಲಿನಲ್ಲಿ ಓಡಲು ಶುರುಮಾಡಿ, ದಿನಕ್ಕೆ ಸರಾಸರಿ ಸುಮಾರು 38 ಕಿ.ಮೀ.ಯಂತೆ 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿದ. ಸೆಪ್ಟೆಂಬರ್ 1ರಂದು ಎದೆನೋವು, ಕೆಮ್ಮಿನಿಂದ ನಿಲ್ಲಬೇಕಾಯಿತು. ರೋಗ ಶ್ವಾಸಕೋಶ ಸೇರಿತ್ತು. 1981ರ ಜೂನ್ 28ರಂದು ತೀರಿಕೊಂಡಾಗ ಅವನಿಗೆ ಇಪ್ಪತ್ಮೂರು ತುಂಬಲು ಒಂದು ತಿಂಗಳಿತ್ತು. ಇಂದು ಇದೇ ರೋಗ, ಹರಡುವ ಮುನ್ನ ಸಿಕ್ಕಿ ಚಿಕಿತ್ಸೆ ಪೂರ್ತಿಯಾದರೆ, ಹತ್ತು ಮಕ್ಕಳಲ್ಲಿ ಆರೇಳು ಮಂದಿ ಉಳಿಯುತ್ತಾರೆ. ಶ್ವಾಸಕೋಶಕ್ಕೆ ಹರಡಿದ ಮೇಲೆ ಬಂದವರಲ್ಲಿ ಉಳಿಯುವವರು ಎರಡು ಮೂರು ಮಂದಿ. ಅಲ್ಲೂ ಕೈಚೆಲ್ಲಬೇಕಿಲ್ಲ, ಶ್ವಾಸಕೋಶದ ಗೆಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣವಾದವರಿದ್ದಾರೆ. ಆದರೆ ಆ ಅಂಕಿಗಳ ನಡುವಿನ ಅಂತರವೇ ಎಕ್ಸ್-ರೇಗೆ ತಡ ಮಾಡಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ.

ಈಗಿನ ಚಿಕಿತ್ಸೆಯ ಕ್ರಮ ಹೀಗೆ: ಮೊದಲು ಸುಮಾರು ಹತ್ತು ವಾರ ಕೀಮೊ, ಬಳಿಕ ಶಸ್ತ್ರಚಿಕಿತ್ಸೆ, ಮತ್ತೆ ಕೀಮೊ. ಒಟ್ಟು ಏಳೆಂಟು ತಿಂಗಳು. ಮೊದಲೇ ಕೀಮೊ ಕೊಡುವ ಪದ್ಧತಿ ಹುಟ್ಟಿದ್ದು ಒಂದು ಅನಿವಾರ್ಯದಿಂದ. ನ್ಯೂಯಾರ್ಕಿನಲ್ಲಿ ಜೆರಾಲ್ಡ್ ರೋಸೆನ್ ಮತ್ತು ಸಂಗಡಿಗರು ಕಾಲು ಕತ್ತರಿಸದೆ ಒಳಗೆ ಲೋಹದ ಮೂಳೆ ಕೂರಿಸಲು ಮುಂದಾದರು. ಆ ಲೋಹದ ಮೂಳೆ ರೋಗಿಯ ಅಳತೆಗೆ ತಯಾರಾಗಿ ಬರಲು ತಿಂಗಳುಗಳೇ ಬೇಕಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರುವಂತಿಲ್ಲ ಎಂದು ಔಷಧಿ ಕೊಟ್ಟರು. ತೆಗೆದ ಗೆಡ್ಡೆಯಲ್ಲಿ ಎಷ್ಟು ಭಾಗ ಸತ್ತಿದೆ ಎಂದು ನೋಡಿದರೆ ಔಷಧಿ ಎಷ್ಟು ನಾಟಿದೆ ಎಂದೂ ಗೊತ್ತಾಗುತ್ತಿತ್ತು. ಶೇ 90ಕ್ಕಿಂತ ಹೆಚ್ಚು ಸತ್ತಿದ್ದರೆ ಒಳ್ಳೆಯ ಸೂಚನೆ ಎಂಬ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ.

ಕೀಮೊ ಸುಲಭವಲ್ಲ, ಅದನ್ನು ಮರೆಮಾಚಬಾರದು. ವಾಂತಿ, ಬಾಯಿಹುಣ್ಣು, ಕೂದಲುದುರುವುದು ಎಲ್ಲರಿಗೂ ಗೊತ್ತು. ಸಿಸ್ಪ್ಲಾಟಿನ್ ಕಿವಿಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಹುದು. ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಹೃದಯಕ್ಕೆ ಹಾನಿ ಮಾಡಬಹುದಾದ್ದರಿಂದ ಎಕೋ ಪರೀಕ್ಷೆ ಮಾಡಿಸುತ್ತಿರುತ್ತಾರೆ. ದೊಡ್ಡ ಪ್ರಮಾಣದ ಮೆಥೋಟ್ರೆಕ್ಸೇಟ್‌ಗೆ ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವ ಸೌಲಭ್ಯ ಬೇಕು. ಅದಕ್ಕೇ ಭಾರತದ ಹಲವು ಕೇಂದ್ರಗಳು ಅದನ್ನು ಬಿಟ್ಟು ಐಫಾಸ್ಫಮೈಡ್ ಸೇರಿಸಿದ ಕ್ರಮವನ್ನು ಅನುಸರಿಸುತ್ತವೆ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಈ ದಾರಿಯಲ್ಲಿ ಬಹಳ ಕೆಲಸ ಮಾಡಿದೆ. ಎರಡು ಮಾತು ಮನೆಯವರು ಮರೆಯಬಾರದು. ಕೀಮೊ ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ಪ್ರಾಯಕ್ಕೆ ಬಂದ ಹುಡುಗರಿದ್ದರೆ ಕೀಮೊ ಶುರುವಾಗುವ ಮುಂಚೆಯೇ ವೀರ್ಯ ಕಾದಿಡುವ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.

ಇನ್ನು ಶಸ್ತ್ರಚಿಕಿತ್ಸೆ. ಕಾಲು ಕತ್ತರಿಸುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಮಂದಿ ಆಸ್ಪತ್ರೆಯಿಂದ ಓಡಿಹೋಗುತ್ತಾರೆ. ಈಗ ದೊಡ್ಡ ಕೇಂದ್ರಗಳಲ್ಲಿ ಬಹುಪಾಲು ಮಕ್ಕಳ ಕಾಲು ಉಳಿಯುತ್ತದೆ. ಸಸಿಯನ್ನು ಬೇರಿನ ಮಣ್ಣಿನ ಹೆಂಟೆ ಸಮೇತ ಎತ್ತಿದಂತೆ, ಗೆಡ್ಡೆಯನ್ನು ಬಿಚ್ಚದೆ, ಸುತ್ತಲಿನ ಆರೋಗ್ಯವಂತ ಮಾಂಸದ ಪದರದ ಸಮೇತ ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ಲೋಹದ ದೊಡ್ಡ ಕೀಲು ಕೂರಿಸುತ್ತಾರೆ. ವಿದೇಶದಿಂದ ಬರುವ ಕೀಲಿಗೆ ಹಲವು ಲಕ್ಷ ಬೇಕು. ನಮ್ಮ ದೇಶದಲ್ಲೇ ತಯಾರಾಗುವ ಕಡಿಮೆ ಬೆಲೆಯ ಕೀಲುಗಳಿಂದ ಬಡವರ ಮಕ್ಕಳೂ ಕಾಲು ಉಳಿಸಿಕೊಂಡಿದ್ದಾರೆ. ಇನ್ನೊಂದು ವಿಧಾನ ಭಾರತದಲ್ಲಿ ಚೆನ್ನಾಗಿ ನೆಲೆಯೂರಿದೆ: ರೋಗದ ಮೂಳೆಯನ್ನೇ ಹೊರತೆಗೆದು, ಗೆಡ್ಡೆಯನ್ನೆಲ್ಲ ಕೆರೆದು, ಮಗು ಆಪರೇಷನ್ ಮೇಜಿನ ಮೇಲಿರುವಾಗಲೇ ಆ ಮೂಳೆಯನ್ನು ವಿಕಿರಣ ವಿಭಾಗಕ್ಕೆ ಒಯ್ದು, ಉಳಿದ ಕ್ಯಾನ್ಸರ್ ಕಣಗಳೆಲ್ಲ ಸಾಯುವಷ್ಟು ವಿಕಿರಣ ಹಾಯಿಸಿ, ಮರಳಿ ತಂದು ಪ್ಲೇಟು ಸ್ಕ್ರೂ ಹಾಕಿ ಅದೇ ಜಾಗದಲ್ಲಿ ಕೂರಿಸುವುದು. ತನ್ನದೇ ಮೂಳೆ, ತನ್ನದೇ ಅಳತೆ, ಖರ್ಚೂ ಕಡಿಮೆ.

ಪುಟ್ಟ ಮಕ್ಕಳಿಗೆ ಮಾಡುವ ರೊಟೇಷನ್‌ಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದವರು ಕಡಿಮೆ. ಗೆಡ್ಡೆಯಿರುವ ಮಂಡಿಯ ಭಾಗವನ್ನು ತೆಗೆದು, ಕೆಳಗಿನ ಕಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುತ್ತಾರೆ. ಪಾದದ ಕೀಲು ಮಂಡಿಯ ಜಾಗಕ್ಕೆ ಬಂದು, ಹಿಮ್ಮಡಿ ಮುಂದಾಗಿ ಕೂರುತ್ತದೆ. ಅದಕ್ಕೆ ಕೃತಕ ಕಾಲು ತೊಡಿಸಿದರೆ ಮಗು ತನ್ನದೇ ಕೀಲನ್ನು ಮಡಚುತ್ತ ಓಡುತ್ತದೆ, ಚೆಂಡಾಡುತ್ತದೆ, ಸೈಕಲ್ ತುಳಿಯುತ್ತದೆ. ಜರ್ಮನಿಯ ಬೋರ್ಗ್ರೇವ್ ಎಂಬ ವೈದ್ಯರು ಕ್ಷಯ ತಗುಲಿದ ಮಂಡಿಗೆ ಮಾಡಿ 1930ರಲ್ಲಿ ಪ್ರಕಟಿಸಿದ ಈ ವಿಧಾನವನ್ನು 1970ರ ದಶಕದಲ್ಲಿ ವಿಯೆನ್ನಾದವರು ಕ್ಯಾನ್ಸರ್‌ಗೆ ತಂದರು. ನೋಡಲು ವಿಚಿತ್ರ ಎಂದು ನಮ್ಮಲ್ಲಿ ಹೆತ್ತವರು ಬೇಡವೆನ್ನುತ್ತಾರೆ. ಓಡಾಡುವ ಮಗುವನ್ನು ಒಮ್ಮೆ ನೋಡಿ ನಿರ್ಧರಿಸಿ ಎಂಬುದು ನನ್ನ ಕೋರಿಕೆ.

ಮುಖ್ಯ ರಕ್ತನಾಳ, ನರಗಳನ್ನು ಗೆಡ್ಡೆ ಸುತ್ತುವರಿದಿದ್ದರೆ, ಸೋಂಕಾಗಿದ್ದರೆ, ಕಾಲು ತೆಗೆಯುವುದೇ ಸರಿ. ಕಾಲು ಹೋದರೆ ಬದುಕು ಹೋಯಿತು ಎನ್ನುವುದು ಸುಳ್ಳು. ಒಳ್ಳೆಯ ಕೃತಕ ಕಾಲಿನಲ್ಲಿ ನಡೆದು ಶಾಲೆಗೆ ಹೋಗುವ, ಮುಂದೆ ಕೆಲಸ ಹಿಡಿದು ಸಂಸಾರ ನಡೆಸುವ ಜನ ಇದ್ದಾರೆ.

ಆಸ್ಟಿಯೋಸಾರ್ಕೋಮಾವೊಂದೇ ಮೂಳೆ ಕ್ಯಾನ್ಸರ್ ಅಲ್ಲ. ಜೇಮ್ಸ್ ಯೂಯಿಂಗ್ 1921ರಲ್ಲಿ ವರ್ಣಿಸಿದ ಯೂಯಿಂಗ್ ಸಾರ್ಕೋಮಾವೂ ಮಕ್ಕಳದ್ದೇ. ಜ್ವರ, ಊತ, ಬಿಸಿ ತೋರಿಸಿ ಕೀವು ಅಥವಾ ಕ್ಷಯ ಎಂದು ದಾರಿ ತಪ್ಪಿಸುತ್ತದೆ. ಅದು ಕೀಮೊಗೂ, ನಮ್ಮ ಜನ ‘ಕರೆಂಟು ಕೊಡೋದು’ ಎನ್ನುವ ವಿಕಿರಣಕ್ಕೂ ಬಗ್ಗುತ್ತದೆ. ನಲವತ್ತು ದಾಟಿದವರಲ್ಲಿ ಕಾಣುವ ಕಾಂಡ್ರೋಸಾರ್ಕೋಮಾ ಸಾಮಾನ್ಯವಾಗಿ ಎರಡಕ್ಕೂ ಬಗ್ಗುವುದಿಲ್ಲ, ಪೂರ್ತಿ ತೆಗೆಯುವುದೊಂದೇ ದಾರಿ. ದೊಡ್ಡವರ ಮೂಳೆಯಲ್ಲಿ ಕ್ಯಾನ್ಸರ್ ಕಂಡರೆ ಬಹುತೇಕ ಅದು ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಥೈರಾಯ್ಡ್‌ನಂಥ ಕಡೆ ಹುಟ್ಟಿ ಹರಡಿದ್ದು. ಅದರ ಚಿಕಿತ್ಸೆಯೇ ಬೇರೆ.

ಔಷಧಿ, ತಂತ್ರಜ್ಞಾನ ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಮಕ್ಕಳು ಸಾಯುವುದಕ್ಕೆ ಇನ್ನೊಂದು ಕಾರಣ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಎರಡು ಕೀಮೊ ಆದ ಮೇಲೆ ಊತ ಇಳಿಯುತ್ತದೆ, ನೋವು ಹೋಗುತ್ತದೆ, ಗುಣವಾಯಿತು ಎಂದು ಊರಿಗೆ ಹೋದವರು ತಿರುಗಿ ಬರುವುದಿಲ್ಲ. ಬಂದಾಗ ರೋಗ ಎದೆಗೇರಿರುತ್ತದೆ. ಕೆಲವರಿಗೆ ಕೂಲಿ ತಪ್ಪುವ ಚಿಂತೆ, ಕೆಲವರಿಗೆ ಊರಲ್ಲಿ ಬಿಟ್ಟು ಬಂದ ಉಳಿದ ಮಕ್ಕಳ ಚಿಂತೆ. ಹುಡುಗಿಯಾದರೆ ‘ಕುಂಟಿಯನ್ನು ಯಾರು ಮದುವೆಯಾಗುತ್ತಾರೆ’ ಎಂಬ ಮಾತು ಬರುತ್ತದೆ. ಈ ದೇಶದ ಮಕ್ಕಳ ಕ್ಯಾನ್ಸರ್ ವಿಭಾಗಗಳಿಗೆ ಚಿಕಿತ್ಸೆಗೆ ಬರುವ ಹೆಣ್ಣುಮಕ್ಕಳ ಸಂಖ್ಯೆಯೇ ಗಂಡುಮಕ್ಕಳಿಗಿಂತ ಎದ್ದುಕಾಣುವಷ್ಟು ಕಡಿಮೆ. ಇದು ರೋಗದ ಸ್ವಭಾವವಷ್ಟೇ ಅಲ್ಲ, ನಮ್ಮ ಸ್ವಭಾವ ಕೂಡ. ಇದನ್ನು ಬರೆಯುವಾಗ ಸಿಟ್ಟೂ ಸಂಕಟವೂ ಒಟ್ಟಿಗೆ ಬರುತ್ತವೆ.

ಹಣದ ವಿಷಯದಲ್ಲಿ ದಾರಿಗಳಿವೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರ್ಕಾರದ್ದು, ಅದರ ಶಾಖೆ ಕಲಬುರಗಿಯಲ್ಲೂ ಇದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಯಾವುದೇ ದೊಡ್ಡ ಆಸ್ಪತ್ರೆಗೆ ಹೋದರೂ ಮೊದಲ ದಿನವೇ ಅಲ್ಲಿಯ ಸಮಾಜ ಕಾರ್ಯಕರ್ತರನ್ನು ಕಾಣಿ. ರೇಷನ್ ಕಾರ್ಡು, ಆಧಾರ್, ತಾಲ್ಲೂಕು ಆಸ್ಪತ್ರೆಯ ಚೀಟಿ, ಎಲ್ಲ ಹಳೆಯ ಎಕ್ಸ್-ರೇಗಳನ್ನು ಜೊತೆಗಿಟ್ಟುಕೊಳ್ಳಿ. ಉಳಿದುಕೊಳ್ಳಲು ಧರ್ಮಶಾಲೆ, ಊಟ, ದಾನಿಗಳ ನೆರವು ಎಲ್ಲವೂ ಅವರ ಮೂಲಕವೇ ಸಿಗುವುದು. ಮಗುವಿನ ಚಿಕಿತ್ಸೆಗೆ ಏಳೆಂಟು ತಿಂಗಳು ಬೇಕು ಎಂದು ವೈದ್ಯರು ಹೇಳಿದರೆ, ನೋವು ಹೋದ ಮೇಲೂ ಅಷ್ಟೂ ತಿಂಗಳು ಮಾಡಿಸಿ. ಆಮೇಲೂ ವರ್ಷಗಟ್ಟಲೆ ಎದೆಯ ಎಕ್ಸ್-ರೇ, ಸ್ಕ್ಯಾನ್‌ಗೆ ಕರೆದಾಗಲೆಲ್ಲ ತಪ್ಪದೆ ಹೋಗಿ.